ಅಧಿಕೃತ ಬೆತ್ತಲೆ

ಮೋವೆನ್‌ಹಾಗೆನ್ ಪಟ್ಟಣದ ಕಡಲತೀರ ಆಡಳಿತ ಕಚೇರಿಯ ನಿಯಮಾವಳಿಯ ಪ್ರಕಾರ ಬೆತ್ತಲೆ ಎಂಬುದು ಒಂದು ಉಡುಪು. ಅದಕ್ಕೆ ಅಳತೆ ಇದೆ, ಬಣ್ಣ ಇದೆ, ಬೆನ್ನಿನ ಮೇಲೆ ಅಕ್ಷರಗಳಿವೆ, ಗಾಳಿ ಜೋರಾದ ದಿನ ಒಳಗಡೆ ಉಣ್ಣೆಯ ಅಸ್ತರು ಹಾಕಿಕೊಳ್ಳಲು ಅನುಮತಿಯೂ ಇದೆ. ಆ ನಿಯಮಾವಳಿಯನ್ನು ಬರೆದವನು ನಾನು, ಅಂದರೆ ಸಹಾಯಕ ಅಧಿಕಾರಿ ಡೆಟ್ಲೆಫ್. ನಗುವವರು ನಗಲಿ. ನಗುವವರು ಯಾರೂ ಒಂದು ಕಚೇರಿ ನಡೆಸಿದವರಲ್ಲ.

ನಮ್ಮದು ಬಾಲ್ಟಿಕ್ ಸಮುದ್ರದ ದಂಡೆಯ ಊರು. ಮರಳಿನ ಮೇಲೆ ಒಂದು ಹಗ್ಗ ಕಟ್ಟಿದೆ. ಹಗ್ಗದ ಎಡಕ್ಕೆ ಬಟ್ಟೆ ತೊಟ್ಟವರು, ಬಲಕ್ಕೆ ತೊಡದವರು. ಇದು ನನ್ನ ಅಜ್ಜನ ಕಾಲದಿಂದ ಬಂದದ್ದು. ದೇಶದ ನಡುವೆ ಗೋಡೆ ಎಬ್ಬಿಸಿದ್ದ ಹಿಂದಿನ ಸರ್ಕಾರ ಇದ್ದಾಗ ಏನು ಓದಬೇಕು, ಎಲ್ಲಿಗೆ ಹೋಗಬೇಕು, ಯಾರ ಹತ್ತಿರ ಏನು ಮಾತಾಡಬೇಕು ಎಲ್ಲದಕ್ಕೂ ಅಪ್ಪಣೆ ಬೇಕಿತ್ತು. ಚಡ್ಡಿ ಬಿಚ್ಚುವುದಕ್ಕೆ ಮಾತ್ರ ಬೇಕಿರಲಿಲ್ಲ. ಹಾಗಾಗಿ ಊರಿಗೆ ಊರೇ ಬಿಚ್ಚುತ್ತಿತ್ತು. ಹಾಗಂತ ಶಿಸ್ತು ತಪ್ಪಿದವರಲ್ಲ ನಾವು. ಬಲತೀರದಲ್ಲಿ ಮುಖ್ಯೋಪಾಧ್ಯಾಯರು ಎದುರಾದರೆ ನಿಂತು, ಕೈ ಕುಲುಕಿ, "ನಮಸ್ಕಾರ ಮುಖ್ಯೋಪಾಧ್ಯಾಯರೇ, ತಮ್ಮ ಮನೆಯವರು ಸೌಖ್ಯವೇ?" ಎಂದೇ ಕೇಳಬೇಕು. ಬಟ್ಟೆ ಬಿಡಬಹುದು, ಬಹುವಚನ ಬಿಡುವಂತಿಲ್ಲ. ಯಾರಾದರೂ ಹೊರಗಿನವರು ತಿಳಿಯದೆ ಪ್ಯಾಂಟು ಹಾಕಿಕೊಂಡು ಆ ಕಡೆ ಬಂದುಬಿಟ್ಟರೆ ಹೆಂಗಸರು ಮುಖ ಮುಚ್ಚಿಕೊಂಡು ಬೈಯುತ್ತಿದ್ದರು: "ಏನ್ರೀ, ಮಾನ ಮರ್ಯಾದೆ ಬೇಡ್ವಾ ನಿಮಗೆ? ಮಕ್ಕಳು ಮರಿ ಓಡಾಡೋ ಜಾಗ!"

ಆ ತೀರದಲ್ಲಿ, ಮರದ ಗೂಟಗಳ ಸಾಲಿನ ಹಿಂದೆ ಗಾಳಿ ತಪ್ಪುವ ಒಂದು ಮೂಲೆಯಲ್ಲಿ, ನನ್ನ ಸೋದರತ್ತೆ ಎಲ್ಫ್ರೀಡಳ ಜಾಗ. ಹಡಗುಕಟ್ಟೆಯಲ್ಲಿ ಕ್ರೇನ್ ನಡೆಸುತ್ತಿದ್ದವಳು. ನನಗೆ ಈಜು ಕಲಿಸಿದವಳೂ ಅವಳೇ, ಕಿವಿ ಹಿಂಡಿದವಳೂ ಅವಳೇ. ಈಗ ವಯಸ್ಸು ಎಂಬತ್ತೊಂದು. ಕಳೆದ ಚಳಿಗಾಲದಲ್ಲಿ ಅವಳ ಸೊಂಟದ ಕೀಲು ಕೈಕೊಟ್ಟಿತು. ಎರಡು ಕೋಲು ಬಂದವು. ಆಸ್ಪತ್ರೆಯವರು, "ಸೆಪ್ಟೆಂಬರಲ್ಲಿ ಆಪರೇಷನ್ ಮಾಡೋಣ. ಆಮೇಲೆ ನಡೀತೀರೋ ಕೂತಲ್ಲೇ ಕೂರ್ತೀರೋ ಈಗಲೇ ಹೇಳೋಕಾಗಲ್ಲ" ಅಂದರು. ಅವಳು ಅಳಲಿಲ್ಲ. ಮನೆಗೆ ಬಂದು ನನ್ನನ್ನು ಕರೆಸಿಕೊಂಡಳು.

"ಡೆಟ್ಲೆಫ್, ಆಪರೇಷನ್ನಿಗೆ ಮುಂಚೆ ನಂಗೊಂದು ದಿನ ಬೇಕು ಕಣೋ. ಒಂದೇ ದಿನ. ಬಿಸಿಲಿರಬೇಕು, ಮೈಮೇಲೆ ದಾರದ ಎಳೆ ಇರಬಾರದು, ಸಮುದ್ರದಲ್ಲಿ ಅಂಗಾತ ಮಲಗಿರಬೇಕು. ನೀರಲ್ಲಿ ಸೊಂಟ ನೋಯಲ್ಲ. ನನ್ನ ಮೈ ನಂದು ಅನ್ಸತ್ತೆ."

"ಅದೇನು ಮಹಾ ಅತ್ತೆ, ಜೂನ್ ಬರಲಿ, ನಾನೇ ಕರ್ಕೊಂಡು ಹೋಗ್ತೀನಿ" ಅಂದೆ.

ಜೂನ್ ಬಂತು. ಜೂನ್ ಜೊತೆಗೆ ಶ್ರೀ ಟಿಲ್ಮನ್ ಅವರೂ ಬಂದರು.

ಶ್ರೀ ಟಿಲ್ಮನ್ ದಕ್ಷಿಣದ ಪ್ರಾಂತ್ಯದಿಂದ ಬಂದ ದೊಡ್ಡ ಮನುಷ್ಯರು. ಎಡತೀರಕ್ಕೆ ಹೊಂದಿಕೊಂಡು ಹೊಸದಾಗಿ ಎದ್ದಿರುವ ಹೋಟೆಲಿನ ಮೇಲಂತಸ್ತಿನಲ್ಲಿ ಇಡೀ ಬೇಸಿಗೆಗೆ ಕೋಣೆ ಹಿಡಿದಿದ್ದರು. ಬಾಲ್ಕನಿಯಲ್ಲಿ ಕೂತು ದುರ್ಬೀನಿನಲ್ಲಿ ಕಡಲಹಕ್ಕಿ ನೋಡುವುದು ಅವರ ಹವ್ಯಾಸ. ಹಕ್ಕಿಗಳು ಹೆಚ್ಚಾಗಿ ಬಲತೀರದ ಕಡೆಗೇ ಹಾರುತ್ತಿದ್ದವಂತೆ. ಅವರು ನಮ್ಮ ಕಚೇರಿಗೆ ಖುದ್ದಾಗಿ ಬಂದು ಹೇಳಿದ ದೂರು ಇಷ್ಟೇ: ಬಲತೀರದಲ್ಲಿ ಮಲಗಿರುವವರ ಪೈಕಿ ಯಾರು ನಿಯಮದ ಪ್ರಕಾರ ಬೆತ್ತಲೆ, ಯಾರು ಸುಮ್ಮನೆ ಬೆತ್ತಲೆ ಎಂದು ದೂರದಿಂದ ತಿಳಿಯುತ್ತಿಲ್ಲ, ಈ ಅನುಮಾನದಿಂದ ತಮ್ಮ ವಿಶ್ರಾಂತಿಗೆ ಭಂಗ ಬರುತ್ತಿದೆ.

ನಮ್ಮ ನಿರ್ದೇಶಕರು ಡಾಕ್ಟರ್ ವೋಲ್ಕ್‌ಮಾರ್. ಕಡಲ ಪಾಚಿಯ ಮೇಲೆ ಪ್ರಬಂಧ ಬರೆದು ಡಾಕ್ಟರ್ ಆದವರು. ಅವರೂ ಇದೇ ಊರಿನವರು, ಚಿಕ್ಕಂದಿನಿಂದ ಬಲತೀರದಲ್ಲೇ ಹೊರಳಾಡಿದವರು. ನಿರ್ದೇಶಕರಾದ ಮೇಲೆ ಬಿಟ್ಟುಬಿಟ್ಟರು. ಹೊಟ್ಟೆಯ ಬಲಗಡೆ ಒಂದು ಆಪರೇಷನ್ ಗುರುತಿದೆ, ಅದನ್ನು ಕೈಕೆಳಗಿನವರು ನೋಡಿದರೆ ಆಡಳಿತ ಸಡಿಲವಾಗುತ್ತದೆ ಎಂಬುದು ಅವರ ಅಭಿಪ್ರಾಯ. ದೂರು ಕೇಳಿದವರೇ ನನ್ನನ್ನು ಒಳಗೆ ಕರೆದರು.

"ಡೆಟ್ಲೆಫ್, ಬಟ್ಟೆ ಹಾಕಿರೋನನ್ನ ನೋಡಿದ್ರೆ ಏನು ಗೊತ್ತಾಗತ್ತೆ?"

"ಬಟ್ಟೆ ಹಾಕಿದಾನೆ ಅಂತ, ಸಾರ್."

"ಬೆತ್ತಲೆ ಇರೋನನ್ನ ನೋಡಿದ್ರೆ?"

"ಬೆತ್ತಲೆ ಇದಾನೆ ಅಂತ."

"ಅದು ನಿಮ್ಮ ಕಣ್ಣಿಗೆ ಗೊತ್ತಾಗಿದ್ದು. ಕಚೇರಿಗೆ ಹೇಗೆ ಗೊತ್ತಾಗಬೇಕು?"

ಇಷ್ಟು ವರ್ಷ ಈ ಪ್ರಶ್ನೆ ಯಾರಿಗೂ ಹೊಳೆದೇ ಇರಲಿಲ್ಲ. ಒಂದಿಡೀ ಊರು ಯಾವ ಆಧಾರವೂ ಇಲ್ಲದೆ ಬೆತ್ತಲಾಗಿತ್ತು. ಅಂದು ಸಂಜೆಯೊಳಗೆ ಪ್ರಕಟಣೆ ಸಿದ್ಧಪಡಿಸಿದೆ. ಅದರ ಭಾಷೆಯ ಬಗ್ಗೆ ನನಗೆ ಇಂದಿಗೂ ಹೆಮ್ಮೆ ಇದೆ:

"ಬಲತೀರದಲ್ಲಿ ಬೆತ್ತಲೆಯಾಗಿರಲು ಇಚ್ಛಿಸುವ ಸಾರ್ವಜನಿಕರು ಕಚೇರಿಯು ನೀಡುವ ಬೆತ್ತಲೆ ಗುರುತನ್ನು ಮೈಮೇಲೆ ಎದ್ದು ಕಾಣುವಂತೆ ಧರಿಸತಕ್ಕದ್ದು. ಸದರಿ ಗುರುತನ್ನು ಧರಿಸದ ಯಾವುದೇ ವ್ಯಕ್ತಿಯನ್ನು ಯಾವುದೇ ಸಂದರ್ಭದಲ್ಲಿ ಬೆತ್ತಲೆ ಎಂದು ಪರಿಗಣಿಸತಕ್ಕದ್ದಲ್ಲ."

ಎರಡನೆಯ ವಾಕ್ಯ ಪೂರ್ತಿ ನನ್ನದು. ಡಾಕ್ಟರು ಓದಿ, "ಭೇಷ್, ಒಂದು ಸೊಳ್ಳೆ ನುಸುಳೋಕೂ ಸಂದಿಲ್ಲ" ಅಂದರು.

ಮೊದಲು ಮಾಡಿಸಿದ್ದು ತಗಡಿನ ಬಿಲ್ಲೆ, ಹಿಂದೆ ಪಿನ್ನು. ಅದನ್ನು ಹಂಚಿದ ಬೆಳಿಗ್ಗೆಯೇ ತೀರದ ಕಾವಲುಗಾರ ಉವೆ ಕಚೇರಿಗೆ ಓಡಿಬಂದ. ಉವೆ ಒಳ್ಳೆಯ ಮನುಷ್ಯ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವವನು, ಅದಕ್ಕಿಂತ ಒಂದು ಗುಲಗಂಜಿ ಹೆಚ್ಚಿಲ್ಲ, ಕಡಿಮೆಯಿಲ್ಲ.

"ಸಾರ್, ನಿವೃತ್ತ ಬೇಕರಿಯವರು ಬಿಲ್ಲೆ ಚುಚ್ಚಿಕೊಂಡು ಕೂಗಾಡ್ತಿದಾರೆ. ಪಿನ್ನು ಚುಚ್ಚೋಕೆ ಬಟ್ಟೆ ಬೇಕಂತೆ."

ಡಾಕ್ಟರು ಗಡ್ಡ ಕೆರೆದುಕೊಂಡರು. "ಅಂದ್ರೆ ಬಿಲ್ಲೆಯಲ್ಲಿ ದೋಷ ಇಲ್ಲ. ಬಟ್ಟೆಯ ಕೊರತೆ ಇದೆ, ಅಷ್ಟೇ."

ಕೊರತೆ ನೀಗಿಸುವುದು ಕಷ್ಟವಾಗಲಿಲ್ಲ. ಡಾಕ್ಟರ ಭಾಮೈದ ರಸ್ತೆ ಗುತ್ತಿಗೆದಾರ. ಯಾವುದೋ ಹೆದ್ದಾರಿಗೆಂದು ತರಿಸಿದ್ದ ಕಿತ್ತಳೆ ಬಣ್ಣದ ಮಿನುಗುವ ಜಾಕೀಟುಗಳು, ಹೆದ್ದಾರಿ ಬಾರದ್ದರಿಂದ, ಅವನ ಗೋದಾಮಿನಲ್ಲಿ ಕೊಳೆಯುತ್ತಿದ್ದವು. ಸೌಜನ್ಯದ ಮನುಷ್ಯ, ಎಲ್ಲವನ್ನೂ ಕಚೇರಿಗೇ ಮಾರಿದ. ಬೆನ್ನ ಮೇಲೆ "ರಸ್ತೆ ಕಾಮಗಾರಿ" ಎಂದು ಇದ್ದುದರ ಮೇಲೆ "ಬೆತ್ತಲೆ" ಎಂಬ ದಪ್ಪಕ್ಷರದ ಚೀಟಿ ಅಂಟಿಸಿದೆವು. ಮೇಲಂತಸ್ತಿನಿಂದ ದುರ್ಬೀನಿಲ್ಲದೆಯೂ ಓದಬಹುದಿತ್ತು. ಶ್ರೀ ಟಿಲ್ಮನ್ ಬಾಲ್ಕನಿಯಿಂದಲೇ ಕೈ ಬೀಸಿ ಕೃತಜ್ಞತೆ ಸೂಚಿಸಿದರು.

ಅತ್ತೆ ಬಂದದ್ದು ಆ ವಾರವೇ. ಬುಟ್ಟಿಯಲ್ಲಿ ಬೇಯಿಸಿದ ಮೊಟ್ಟೆ, ಆಲೂಗಡ್ಡೆ ಸಲಾಡ್, ಹುಳಿಯಲ್ಲಿ ನೆನೆಸಿದ ಹೆರಿಂಗ್ ಮೀನಿನ ಬನ್ನು, ಫ್ಲಾಸ್ಕಿನಲ್ಲಿ ಕಾಫಿ. ಎರಡು ಕೋಲೂರಿಕೊಂಡು ಹಗ್ಗದವರೆಗೆ ಬರುವಷ್ಟರಲ್ಲಿ ಮುಖವೆಲ್ಲ ಬೆವೆತಿತ್ತು. ಬಟ್ಟೆ ಬಿಚ್ಚಿ ಮಡಿಸಿ ಬುಟ್ಟಿಯ ಮೇಲಿಟ್ಟಳು. ಉವೆ ಅವಳಿಗೆ ಜಾಕೀಟು ಹಿಡಿದ.

"ಇದೇನೋ ಇದು?"

"ಬೆತ್ತಲೆ, ಎಲ್ಫ್ರೀಡಮ್ಮ. ಹಾಕ್ಕೊಳ್ಳಿ."

"ಹಾಕ್ಕೊಂಡೇ ಇದ್ದೀನಲ್ಲೋ!"

"ಅದು ನಿಮ್ಮ ಸ್ವಂತದ್ದು. ಇದು ಕಚೇರಿದು."

ಅತ್ತೆ ನನ್ನ ಮುಖ ನೋಡಿದಳು. ನಾನು ನಿಯಮ ವಿವರಿಸಿದೆ. ಅವಳು ಜಾಕೀಟು ಹಾಕಿಕೊಂಡು ತನ್ನ ಮೂಲೆಗೆ ಹೋಗಿ ಕೂತಳು. ನೀರಿಗೆ ಇಳಿಯಲು ಎದ್ದಾಗ ಉವೆ ಸೀಟಿ ಊದಿದ. ಉಪ್ಪುನೀರು ತಾಗಿದರೆ ಚೀಟಿಯ ಅಂಟು ಬಿಡುತ್ತದೆ, ಅಕ್ಷರ ಹೋದರೆ ಬೆತ್ತಲೆ ಹೋಯಿತು. ಜಾಕೀಟು ಬಿಚ್ಚಿ ಇಳಿಯುವಂತಿಲ್ಲ, ಹಾಕಿಕೊಂಡು ಇಳಿಯುವಂತಿಲ್ಲ. ದಡದಲ್ಲೇ ಮೊಟ್ಟೆ ತಿಂದು ವಾಪಸು ಹೊರಟಳು.

"ಬೆತ್ತಲೆ ಅಂತ ಬೆನ್ನ ಮೇಲೆ ಬರ್ದಿದೆ, ಬೆನ್ನಿಗೊಂದು ಚೂರು ಗಾಳಿ ಬೀಳಲಿಲ್ಲ" ಅಂದಳು ದಾರಿಯಲ್ಲಿ. "ಇರಲಿ ಬಿಡು, ಜುಲೈನಲ್ಲಿ ಬರೋಣ. ಅಷ್ಟರಲ್ಲಿ ನಿಮ್ಮ ಡಾಕ್ಟರಿಗೆ ಬುದ್ಧಿ ಬಂದಿರತ್ತೆ."

ಜುಲೈನಲ್ಲಿ ಬಂದದ್ದು ಬುದ್ಧಿಯಲ್ಲ, ಜಿಲ್ಲಾ ಕಾರ್ಮಿಕ ಸುರಕ್ಷತೆಯ ಮೇಡಂ. ಅವರು ರಜೆಗೆಂದೇ ಬಂದವರು. ಹೋಟೆಲಿನ ಮೆಟ್ಟಿಲಿಳಿದು ನೋಡುತ್ತಾರೆ, ಮರಳಿನುದ್ದಕ್ಕೂ ಕಿತ್ತಳೆ ಜಾಕೀಟಿನ ಜನ ನೆಲದ ಮೇಲೆ ಬಿದ್ದುಕೊಂಡಿದ್ದಾರೆ. ಎದೆ ಧಸಕ್ಕೆಂದಿತಂತೆ ಅವರಿಗೆ. ಉವೆಯನ್ನು ಕರೆದು ಕೇಳಿದರು:

"ಇಲ್ಲಿ ಯಾವ ಕಾಮಗಾರಿ ನಡೀತಿದೆ?"

"ವಿಶ್ರಾಂತಿ, ಮೇಡಂ."

"ಕೆಲಸಗಾರರು ಯಾಕೆ ಬಿದ್ದಿದಾರೆ?"

"ಕೆಲಸಾನೇ ಅದು, ಮೇಡಂ."

"ತಲೆಗೆ ಹೆಲ್ಮೆಟ್ ಇಲ್ಲ, ಕಾಲಿಗೆ ಬೂಟಿಲ್ಲ, ಪಕ್ಕದಲ್ಲೇ ತೆರೆದ ನೀರು, ತಡೆಗಂಬಿ ಇಲ್ಲ! ಯಾರಾದ್ರೂ ಸತ್ತರೆ ಹೊಣೆ ಯಾರು?"

ಉವೆ ಯೋಚಿಸಿ ನನ್ನ ಹೆಸರು ಹೇಳಿದ.

ಇಂಥ ಜಾಕೀಟು ತೊಟ್ಟವರು ಇರುವ ಜಾಗವೇ ಕಾಮಗಾರಿ ಸ್ಥಳ ಎಂಬುದು ಅವರ ಇಲಾಖೆಯ ನಿಯಮ. ನಾವು ನಿಯಮ ಮಾಡುವವರು, ಇನ್ನೊಬ್ಬರ ನಿಯಮಕ್ಕೆ ಬೆಲೆ ಕೊಡದಿದ್ದರೆ ನಮ್ಮದಕ್ಕೆ ಯಾರು ಕೊಡುತ್ತಾರೆ? ಡಾಕ್ಟರು ಒಪ್ಪಿದರು. ಹೆಲ್ಮೆಟ್ಟು, ಕಬ್ಬಿಣದ ಮೂತಿಯ ಬೂಟು, ಮಂಡಿಗೆ ಮೆತ್ತೆಯಿರುವ ಪ್ಯಾಂಟು ಬೇಕಾದವು. ದೇವರ ದಯೆ, ಭಾಮೈದನ ಗೋದಾಮಿನಲ್ಲಿ ಅವೂ ಇದ್ದವು.

ಇಲ್ಲಿ ಒಂದು ಮಾತು ಹೇಳಬೇಕು. ನಾವು ಯಾರ ಮೇಲೂ ದಬ್ಬಾಳಿಕೆ ಮಾಡಲಿಲ್ಲ. ಬೆತ್ತಲೆ ಸ್ನಾನಾಭಿಮಾನಿಗಳ ಸಂಘವನ್ನು ಕರೆದು ಅಭಿಪ್ರಾಯ ಕೇಳಿದೆವು. ಅಧ್ಯಕ್ಷೆ ಸಿಗ್ರುನ್, ನಿವೃತ್ತ ಭೂಗೋಳ ಶಿಕ್ಷಕಿ, ಎದ್ದು ನಿಂತು ಮೇಜು ಗುದ್ದಿದರು.

"ಇದನ್ನ ನಮ್ಮ ಸಂಘ ಸುತರಾಂ ಒಪ್ಪಲ್ಲ! ಇದು ನಮ್ಮ ತತ್ವಕ್ಕೇ ಕೊಡಲಿ ಏಟು!"

ನನಗೆ ನಿಜವಾಗಿಯೂ ಭಯವಾಯಿತು. "ಯಾವುದನ್ನ, ಮೇಡಂ?"

"ಹೆಲ್ಮೆಟ್ ಮೇಲೆ ಪುರಸಭೆ ಲಾಂಛನ ಹಾಕಿದೀರಿ. ನಮ್ಮ ಸಂಘದ್ದು ಎಲ್ಲಿ?"

ಸಂಘದ ಲಾಂಛನವನ್ನು ಹೆಲ್ಮೆಟ್ಟಿನ ಮುಂಭಾಗಕ್ಕೆ ಹಾಕಿಸಿ, ಪುರಸಭೆಯದನ್ನು ಹಿಂದಕ್ಕೆ ಸರಿಸಿದೆವು. ಸಂಘದವರು ಇದನ್ನು ಬೆತ್ತಲೆ ಚಳವಳಿಯ ದೊಡ್ಡ ಗೆಲುವು ಎಂದು ಪಾಯಸ ಹಂಚಿದಷ್ಟು ಸಂಭ್ರಮದಿಂದ ಬಿಯರ್ ಹಂಚಿ ಆಚರಿಸಿದರು.

ಅತ್ತೆ ಜುಲೈನಲ್ಲಿ ಬಂದಾಗ ಉವೆ ಅವಳಿಗೆ ಬೂಟು ತೊಡಿಸಲು ಮಂಡಿಯೂರಿ ಕೂತ. ಕಾಲು ಮಡಿಸಲು ಆಗಲಿಲ್ಲ ಅವಳಿಗೆ. ನೋವಿಗೆ ತುಟಿ ಕಚ್ಚಿಕೊಂಡಳು. ಆಮೇಲೆ ಕೈಯಲ್ಲಿ ಹೆಲ್ಮೆಟ್ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

"ಹಡಗುಕಟ್ಟೆಯಲ್ಲಿ ಜೀವಮಾನ ಇದನ್ನ ಹೊತ್ತಿದ್ದೆ ಕಣೋ. ಸಮುದ್ರಕ್ಕೆ ಬರ್ತಿದ್ದಿದ್ದೇ ಇದನ್ನ ಇಳಿಸೋಕೆ."

"ಅತ್ತೆ, ನಿಯಮ ಎಲ್ಲರಿಗೂ ಒಂದೇ" ಅಂದೆ. ಹಾಗಂದು ಬುಟ್ಟಿ ಎತ್ತಿಕೊಂಡು, ನೀರು ಮುಟ್ಟದ ಅವಳನ್ನು ಮನೆಗೆ ಬಿಟ್ಟುಬಂದೆ.

ಆಗಸ್ಟಿನಲ್ಲಿ ಮತ್ತೊಂದು ಸುಧಾರಣೆ ಬಂತು. ಕಾಮಗಾರಿ ಸ್ಥಳ ಎಂದಮೇಲೆ ಕೆಲಸಗಾರರಿಗೆ ವಿರಾಮ ಕೊಡಬೇಕು. ಇಷ್ಟು ಹೊತ್ತು ವಿಶ್ರಾಂತಿ ಪಡೆದವನಿಗೆ ಇಷ್ಟು ಹೊತ್ತು ಬಿಡುವು ಎಂದು ಲೆಕ್ಕವಿದೆ. ಬಿಡುವಿನಲ್ಲಿ ರಕ್ಷಣಾ ಉಡುಪು ಕಳಚಬಹುದು. ಆದರೆ ಕಾಮಗಾರಿ ಸ್ಥಳದ ಅಪಾಯಗಳಿಂದ ದೂರವಿರುವ, ಮುಚ್ಚಿದ ಕೋಣೆಯಲ್ಲಿ ಕಳಚಬೇಕು. ಅಪಾಯಗಳು ಯಾವುವು ಎಂದು ಮೇಡಂ ಪಟ್ಟಿ ಮಾಡಿದರು: ಬಿಸಿಲು, ಗಾಳಿ, ಸಮುದ್ರ. ಹಾಗಾಗಿ ಮರಳಿನ ಮೇಲೆ ಕಿಟಕಿಯಿಲ್ಲದ ಒಂದು ತಗಡಿನ ಕೊಠಡಿ ನಿಲ್ಲಿಸಿದೆವು. ಭಾಮೈದನ ಹತ್ತಿರ ಒಂದಿತ್ತು.

ಜನ ಇದನ್ನು ಬಹಳ ಮೆಚ್ಚಿದರು. ಬೂಟು, ಹೆಲ್ಮೆಟ್ಟಿನಲ್ಲಿ ಬೆಂದು ಬೇಸತ್ತವರು ಸೀಟಿ ಊದಿದ ತಕ್ಷಣ ಒಳಗೆ ನುಗ್ಗಿ, ಎಲ್ಲ ಕಳಚಿ ಗೂಟಕ್ಕೆ ನೇತುಹಾಕಿ, ಉದ್ದ ಬೆಂಚಿನ ಮೇಲೆ ಸಾಲಾಗಿ ಕೂರುತ್ತಿದ್ದರು. "ನಮಸ್ಕಾರ ಮುಖ್ಯೋಪಾಧ್ಯಾಯರೇ." "ನಮಸ್ಕಾರ, ಸ್ವಲ್ಪ ಆ ಕಡೆ ಸರೀರಿ." ಒಬ್ಬರ ಬೆವರು ಒಬ್ಬರಿಗೆ ಅಂಟಿದರೂ ಎಲ್ಲರ ಮುಖದಲ್ಲೂ ತೃಪ್ತಿ. ನಾವು ಬಲತೀರದ ಫಲಕದಲ್ಲಿ ಬರೆಸಿದೆವು: "ಇಲ್ಲಿ ಪ್ರತಿದಿನ ಅಧಿಕೃತ ಬೆತ್ತಲೆ ಲಭ್ಯ. ಬಾಗಿಲು ಭದ್ರವಾಗಿ ಹಾಕಿಕೊಳ್ಳಿ."

ಆಗಸ್ಟ್ ಮುಗಿಯುತ್ತ ಬಂದಿತ್ತು. ನೀರು ತಣ್ಣಗಾಗತೊಡಗಿತ್ತು. ಆಪರೇಷನ್ನಿನ ದಿನ ಗೊತ್ತಾಗಿತ್ತು. ಒಂದು ದಿನ ಆಕಾಶ ತೊಳೆದಿಟ್ಟ ಹಾಗೆ ನೀಲಿಯಾಯಿತು. ಅತ್ತೆ ಫೋನ್ ಮಾಡಿ, "ಇವತ್ತು ಬಿಟ್ರೆ ಇಲ್ಲ ಕಣೋ" ಅಂದಳು.

ನಾನೇ ಹೋಗಿ ಕರೆತಂದೆ. ಅವಳು ಯಾವ ತಕರಾರೂ ಮಾಡಲಿಲ್ಲ. ನೋವು ನುಂಗಿಕೊಂಡು ಬೂಟಿಗೆ ಕಾಲು ಕೊಟ್ಟಳು, ಹೆಲ್ಮೆಟ್ಟಿಗೆ ತಲೆ ಕೊಟ್ಟಳು, ಮರಳಲ್ಲಿ ಕೂತು ಸೀಟಿಗೆ ಕಾದಳು. ಸೀಟಿ ಆದಾಗ ಎಲ್ಲರ ಜೊತೆ ತಗಡಿನ ಕೊಠಡಿಗೆ ಬಂದು ಬಿಚ್ಚಿ, ನಿವೃತ್ತ ಬೇಕರಿಯವರ ಪಕ್ಕದಲ್ಲಿ ಕೂತಳು. ನಾನು ಮೇಲ್ವಿಚಾರಣೆಗೆಂದು ಬಾಗಿಲ ಬಳಿ ನಿಂತಿದ್ದೆ. ಒಳಗೆ ಒಂದು ಬಲ್ಬು ಉರಿಯುತ್ತಿತ್ತು. ಹೊರಗೆ ಅಲೆಯ ಸದ್ದು.

"ಸಮುದ್ರ ಎಲ್ಲಿದೆಯೋ ಡೆಟ್ಲೆಫ್?"

"ಗೋಡೆ ಆಚೆ, ಅತ್ತೆ."

ಅವಳ ಕಣ್ಣಲ್ಲಿ ನೀರು ತುಂಬಿತು. ನಾನು ಹುಟ್ಟಿದಾಗಿನಿಂದ ಅವಳು ಅತ್ತದ್ದು ನೋಡಿರಲಿಲ್ಲ. "ಗೋಡೆ ಆಚೆ ಏನಿದೆ ಅಂತ ಕೇಳ್ಕೊಂಡು ಅರ್ಧ ಆಯಸ್ಸು ಕಳೆದೆ ಕಣೋ. ಮತ್ತೆ ಅದನ್ನೇ ಮಾಡು ಅಂತೀಯಾ?" ಅಂದಳು. ಬೇಕರಿಯವರು ಕರವಸ್ತ್ರ ಕೊಡಲು ಜೇಬು ತಡಕಿದರು. ಜೇಬು ಇರಲಿಲ್ಲ.

ಅತ್ತೆ ಎರಡು ಕೋಲು ಹಿಡಿದು ಎದ್ದಳು. ಗೂಟದ ಕಡೆ ತಿರುಗಿಯೂ ನೋಡಲಿಲ್ಲ. ನನ್ನನ್ನು ಕೋಲಿನಿಂದ ಪಕ್ಕಕ್ಕೆ ಸರಿಸಿ ಬಾಗಿಲು ತೆಗೆದು ಬಿಸಿಲಿಗೆ ನಡೆದಳು. ಉವೆ ಸೀಟಿ ಊದಿಕೊಂಡು ಓಡಿಬಂದ.

"ಎಲ್ಫ್ರೀಡಮ್ಮ, ಎಲ್ಫ್ರೀಡಮ್ಮ! ಹಾಗೆ ಬರೋ ಹಾಗಿಲ್ಲ! ಈ ತೀರದಲ್ಲಿ ಜಾಕೀಟಿಲ್ದೆ ಬೆತ್ತಲೆ ಇರೋ ಹಾಗಿಲ್ಲ!"

"ಜಾಕೀಟಿಲ್ದೆ ಎಲ್ಲಿ ಇರಬಹುದು?"

ಉವೆ ಪ್ರಾಮಾಣಿಕ. ಕೇಳಿದ ಪ್ರಶ್ನೆಗೆ ಉತ್ತರ ಹುಡುಕದೆ ಬಿಡುವವನಲ್ಲ. ಹುಬ್ಬು ಗಂಟಿಕ್ಕಿಕೊಂಡು ಯೋಚಿಸಿದ. "ಜಾಕೀಟಿಲ್ದೆ ಅಂದ್ರೆ... ಅಲ್ಲಿ. ಎಡತೀರದಲ್ಲಿ ಯಾರಿಗೂ ಜಾಕೀಟು ಬೇಕಿಲ್ಲ."

"ಬದುಕು ಮಗನೇ" ಅಂದಳು ಅತ್ತೆ. ಹಗ್ಗದ ಕಡೆ ಹೊರಟಳು. ಉವೆ ಹಗ್ಗ ಎತ್ತಿ ಹಿಡಿದು, ಅವಳು ಬಗ್ಗದೆ ದಾಟುವಂತೆ ನೋಡಿಕೊಂಡ. ಹಿರಿಯರಿಗೆ ನೆರವಾಗುವುದು ಅವನ ಕರ್ತವ್ಯದಲ್ಲಿ ಸೇರಿದೆ.

ಎಡತೀರದಲ್ಲಿ ಜನ ಕಿಕ್ಕಿರಿದಿದ್ದರು. ಬೆತ್ತದ ಗೂಡುಕುರ್ಚಿಗಳಲ್ಲಿ ಸಂಸಾರಗಳು, ಎಲ್ಲರ ಮೈಮೇಲೂ ಬಣ್ಣಬಣ್ಣದ ಈಜುಡುಪು. ಅತ್ತೆ ಆ ಗುಂಪಿನ ನಡುವೆ, ತಾಯಿ ಹೆತ್ತ ಹಾಗೆ, ಎರಡು ಕೋಲಿನ ಮೇಲೆ, ಒಂದೊಂದೇ ಹೆಜ್ಜೆ ನಡೆದಳು. ಐಸ್‌ಕ್ರೀಮ್ ನೆಕ್ಕುತ್ತಿದ್ದವರ ನಾಲಿಗೆ ನಿಂತಿತು. ಹೋಟೆಲಿನ ಜಗಲಿಯಲ್ಲಿ ಡಾಕ್ಟರ್ ವೋಲ್ಕ್‌ಮಾರ್ ಮತ್ತು ಶ್ರೀ ಟಿಲ್ಮನ್ ಕಾಫಿ ಕುಡಿಯುತ್ತ ಕೇಕು ತಿನ್ನುತ್ತಿದ್ದರು. ಶ್ರೀ ಟಿಲ್ಮನ್ ಚಮಚ ಕೆಳಗಿಟ್ಟು ಎದ್ದು ನಿಂತರು.

"ಡಾಕ್ಟರೇ! ಆ ಹೆಂಗಸು... ಆ ಹೆಂಗಸು ಬೆತ್ತಲೆ ಇದಾಳಲ್ರೀ!"

ಡಾಕ್ಟರ ಮುಖ ಸುಣ್ಣದಂತಾಯಿತು. ಅತ್ತೆಯ ಹಿಂದೆ ಟವೆಲ್ ಹಿಡಿದು ಬರುತ್ತಿದ್ದ ನನ್ನನ್ನು ಕಂಡು, "ಡೆಟ್ಲೆಫ್! ಇಲ್ಲಿ ಬನ್ರೀ! ಏನಿದು?" ಎಂದು ಕೂಗಿದರು.

ನಾನು ಜಗಲಿಯ ಮೆಟ್ಟಿಲಲ್ಲಿ ನಿಂತೆ. ಒಂದು ಕಡೆ ನನ್ನ ಕೆಲಸ, ಪಿಂಚಣಿ, ಕಚೇರಿಯಲ್ಲಿ ನನ್ನ ಕುರ್ಚಿ. ಇನ್ನೊಂದು ಕಡೆ ಅತ್ತೆ ನೀರಂಚಿಗೆ ತಲುಪಿ, ಹೆಬ್ಬೆರಳು ಅದ್ದಿ ನೋಡುತ್ತಿದ್ದಳು. ನಾನು ಒಂದು ಕೂಗು ಹಾಕಿದರೆ ಉವೆ ಹೋಗಿ ಹಿಡಿದು ತರುತ್ತಾನೆ. ಆಮೇಲೆ ಆಸ್ಪತ್ರೆ. ಆಮೇಲೆ ಏನೋ ಯಾರಿಗೆ ಗೊತ್ತು. ಆಗ ನನ್ನ ಬಾಯಿಗೆ ನಾನೇ ಬರೆದ ವಾಕ್ಯ ಬಂತು.

"ಸಾರ್, ಅವರ ಬೆನ್ನು ನೋಡಿ."

ಇಬ್ಬರೂ ನೋಡಿದರು. ಇಡೀ ಜಗಲಿ ನೋಡಿತು.

"ಅದರ ಮೇಲೆ ಏನಾದ್ರೂ ಬರೆದಿದೆಯಾ?"

"ಇಲ್ಲ" ಅಂದರು ಡಾಕ್ಟರು.

"ಕಚೇರಿಯ ಗುರುತನ್ನು ಧರಿಸದ ಯಾವುದೇ ವ್ಯಕ್ತಿಯನ್ನು ಯಾವುದೇ ಸಂದರ್ಭದಲ್ಲಿ ಬೆತ್ತಲೆ ಎಂದು ಪರಿಗಣಿಸತಕ್ಕದ್ದಲ್ಲ. ತಾವೇ ರುಜು ಹಾಕಿದ್ದು, ಸಾರ್. ಆ ಮಹಿಳೆ ಗುರುತು ಧರಿಸಿಲ್ಲ. ಆದ್ದರಿಂದ ಅವರು ಬೆತ್ತಲೆ ಅಲ್ಲ. ಬೆತ್ತಲೆ ಅಲ್ಲದವರು ಬಟ್ಟೆ ತೊಟ್ಟವರು. ಬಟ್ಟೆ ತೊಟ್ಟವರ ಜಾಗ ಎಡತೀರ. ಅವರು ಎಡತೀರದಲ್ಲೇ ಇದ್ದಾರೆ."

ಡಾಕ್ಟರು ಕೇಕಿನ ತಟ್ಟೆ ಪಕ್ಕಕ್ಕೆ ಸರಿಸಿದರು. ಅವರು ಯೋಚಿಸುತ್ತಿದ್ದುದು ನನಗೆ ಕಾಣುತ್ತಿತ್ತು. ಈ ವಾಕ್ಯ ತಪ್ಪು ಅಂದರೆ ಬಿಲ್ಲೆ ತಪ್ಪು, ಬಿಲ್ಲೆ ತಪ್ಪಾದರೆ ಜಾಕೀಟು ತಪ್ಪು, ಅಲ್ಲಿಂದ ಹೆಲ್ಮೆಟ್ಟು, ಬೂಟು, ತಗಡಿನ ಕೊಠಡಿ ಎಲ್ಲ ಒಂದರ ಮೇಲೊಂದು ಉರುಳಿ ಕೊನೆಗೆ ಭಾಮೈದನ ಮೇಲೆ ಬೀಳುತ್ತವೆ. ಭಾಮೈದನ ಅಕ್ಕ ಡಾಕ್ಟರ ಮನೆಯಲ್ಲೇ ಇದ್ದಾರೆ.

"ಕ್ರಮಬದ್ಧವಾಗಿದೆ" ಅಂದರು ಡಾಕ್ಟರು.

"ಹಾಗಾದ್ರೆ ಬಟ್ಟೆ ಹಾಕಿದಾರಾ?" ಎಂದರು ಶ್ರೀ ಟಿಲ್ಮನ್.

"ಪೂರ್ತಿ."

"ಸದ್ಯ. ನಾನು ಗಾಬರಿಯಾಗಿಬಿಟ್ಟಿದ್ದೆ." ಅವರು ಕುಳಿತು ಕೇಕು ಮುಂದುವರಿಸಿದರು. ಜಗಲಿಯಿಂದ ಮಾತು ಗೂಡುಕುರ್ಚಿಗಳಿಗೆ ಹಬ್ಬಿತು. ಬಟ್ಟೆ ಹಾಕಿದಾರಂತೆ, ಕಚೇರಿಯವರೇ ಹೇಳಿದರಂತೆ. ಐಸ್‌ಕ್ರೀಮ್ ಮತ್ತೆ ಕರಗತೊಡಗಿತು, ನಾಲಿಗೆಗಳು ಮತ್ತೆ ಕೆಲಸಕ್ಕೆ ಹತ್ತಿದವು.

ಅತ್ತೆ ಮೊಣಕಾಲುದ್ದ ನೀರಿನವರೆಗೆ ನಡೆದು, ಕೋಲುಗಳನ್ನು ಮರಳಿಗೆ ಚುಚ್ಚಿ, ಕೈ ಚಾಚಿ ನೀರಿಗೆ ಬಿದ್ದಳು. ನಮ್ಮ ಕಡಲು ಬಹಳ ದೂರದವರೆಗೆ ಆಳವಿಲ್ಲ, ಮಂದ ಅಲೆ. ಅಂಗಾತ ತೇಲಿದಳು. ಬಿಳಿ ಕೂದಲು ಸುತ್ತ ಹರಡಿತ್ತು. ಎಷ್ಟು ಹೊತ್ತು ಹಾಗೆ ಇದ್ದಳೋ, ನಾನು ಗಡಿಯಾರ ನೋಡಲಿಲ್ಲ, ನೋಡುವ ಮನಸ್ಸೂ ಇರಲಿಲ್ಲ. ದಡದಲ್ಲಿ ಟವೆಲ್ ಹಿಡಿದು ನಿಂತಿದ್ದೆ. ಒಮ್ಮೆ ಅವಳು ಗಟ್ಟಿಯಾಗಿ ನಕ್ಕದ್ದು ಕೇಳಿಸಿತು, ಯಾಕೆಂದು ತಿಳಿಯಲಿಲ್ಲ. ನನಗೂ ನಗು ಬಂತು, ಕಣ್ಣೂ ಒದ್ದೆಯಾಯಿತು. ಗಾಳಿಗೆ ಮರಳು ಹಾರುತ್ತಿತ್ತು ಎಂದು ಉವೆಗೆ ಹೇಳಿದೆ.

ಅವಳು ಮೇಲೆ ಬಂದು ಬಿಸಿಲಿಗೆ ಮೈಯೊಡ್ಡಿ ಕೂತು, ಹೆರಿಂಗ್ ಬನ್ನು ತಿನ್ನುವಾಗ ಶ್ರೀ ಟಿಲ್ಮನ್ ವಾಯುವಿಹಾರಕ್ಕೆ ಆ ದಾರಿಯಲ್ಲೇ ಬಂದರು. ಟೋಪಿ ತೆಗೆದು ವಂದಿಸಿದರು. ಸಭ್ಯಸ್ಥರು. ಅವಳನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಹೇಳಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಹೇಳಿದರು:

"ತಪ್ಪು ತಿಳೀಬೇಡಿ ಅಮ್ಮಾ. ನಿಮ್ಮ ಈಜುಡುಪು ಸ್ವಲ್ಪ ಸುಕ್ಕಾಗಿದೆ."

"ಎಂಬತ್ತೊಂದು ವರ್ಷದಿಂದ ಇದೊಂದೇ ಕಣಪ್ಪಾ ನಂಗೆ" ಅಂದಳು ಅತ್ತೆ. "ಎಷ್ಟು ಸಲ ಒಗೆದಿದೀನೋ. ಸುಕ್ಕಾಗಿದೆ, ಹರಿದಿಲ್ಲ."

"ಇಂಥ ಬಟ್ಟೆ ಈಗೆಲ್ಲಿ ಸಿಗತ್ತೆ" ಎಂದು ಶ್ರೀ ಟಿಲ್ಮನ್ ಮನಃಪೂರ್ವಕ ನಿಟ್ಟುಸಿರು ಬಿಟ್ಟರು.

ಈಗ ಪರಿಸ್ಥಿತಿ ಈ ಪ್ರಕಾರ ಇದೆ. ಬಲತೀರದಲ್ಲಿ ಹೆಲ್ಮೆಟ್ಟು, ಬೂಟು, ಜಾಕೀಟು ತೊಟ್ಟವರು ಬೆತ್ತಲೆಯಾಗಿದ್ದಾರೆ. ದೂರದೂರದಿಂದ ಜನ ಅವರನ್ನು ನೋಡಲು ಬರುತ್ತಾರೆ, ಮಕ್ಕಳನ್ನು ಮಾತ್ರ ಆ ಕಡೆ ಬಿಡುವುದಿಲ್ಲ. ಎಡತೀರದಲ್ಲಿ ದಿನೇ ದಿನೇ ಜನ ತಮ್ಮ ತಮ್ಮ ಹಳೆಯ ಬಟ್ಟೆಯಲ್ಲಿ ಬರತೊಡಗಿದ್ದಾರೆ. ಮುಖ್ಯೋಪಾಧ್ಯಾಯರು ಬಂದರು. ಬೇಕರಿಯವರು ಬಂದರು. ಸಿಗ್ರುನ್ ಮೇಡಂ ಮಾತ್ರ ಸಂಘದ ತತ್ವಕ್ಕೆ ಬದ್ಧರಾಗಿ ಹೆಲ್ಮೆಟ್ ಬಿಟ್ಟಿಲ್ಲ. ಯಾರಿಂದಲೂ ದೂರು ಬಂದಿಲ್ಲ.

ಆಪರೇಷನ್ನಿನ ಹಿಂದಿನ ಭಾನುವಾರ ಮತ್ತೆ ಬಿಸಿಲು ಬಂತು. ಒಂದೇ ದಿನ ಬೇಕೆಂದಿದ್ದ ಅತ್ತೆಗೆ ಎರಡನೆಯ ದಿನವೂ ಸಿಕ್ಕಿತು. ನೀರು ಮೈ ಕೊರೆಯುವಷ್ಟು ತಣ್ಣಗಿದ್ದರೂ ಇಳಿದು, ಎದ್ದು, ಗೂಡುಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಹೋಟೆಲಿನ ಕಡೆಯಿಂದ ಒಬ್ಬರು ಕೈಯಲ್ಲಿ ಟವೆಲ್ ಮಡಿಸಿ ಹಿಡಿದುಕೊಂಡು, ಸುತ್ತ ನೋಡುತ್ತ, ಹಿಂಜರಿಯುತ್ತ ಬಂದರು. ಡಾಕ್ಟರ್ ವೋಲ್ಕ್‌ಮಾರ್. ಮೈಮೇಲೆ ಏನೂ, ಅಂದರೆ ಕಚೇರಿಯದ್ದು ಏನೂ, ಇರಲಿಲ್ಲ. ನಾನು ಎದ್ದು ನಿಂತು ವಂದಿಸಿದೆ.

"ಬನ್ನಿ ಡಾಕ್ಟರೇ, ಕೂತ್ಕೊಳ್ಳಿ" ಅಂದಳು ಅತ್ತೆ, ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತ. "ಬಟ್ಟೆ ನಿಮಗೆ ಚೆನ್ನಾಗಿ ಒಪ್ಪತ್ತೆ. ಹೊಟ್ಟೆ ಹತ್ರ ಮಾತ್ರ ಹೊಲಿಗೆ ಎದ್ದು ಕಾಣ್ತಿದೆ ನೋಡಿ."

ಡಾಕ್ಟರು ಬಗ್ಗಿ ನೋಡಿಕೊಂಡು, ಗಂಭೀರವಾಗಿ ಬೆರಳಾಡಿಸಿದರು.

"ಹಳೇ ಹೊಲಿಗೆ, ಎಲ್ಫ್ರೀಡಮ್ಮ. ಗಟ್ಟಿಯಾಗಿದೆ. ನಿಮಗೂ ಹಾಗೇ ಹಾಕ್ತಾರೆ, ಹೆದರಬೇಡಿ."